ಬಿಳಿ ತಟ್ಟೆಯ ಸಾಕ್ಷಿ

ಡಾಕ್ಟರು 'ನಿಮಗೇನೂ ಕಾಯಿಲೆ ಇಲ್ಲ' ಎಂದರೆ ಗಿಡುಗಣ್ಣ ಮನೆಗೆ ಬಂದು "ಏನೋ ಮುಚ್ಚಿಡ್ತಿದ್ದಾರೆ" ಎನ್ನುತ್ತಿದ್ದ. ಮಾತ್ರೆ ಬರೆದುಕೊಟ್ಟರೆ "ಔಷಧಿ ಅಂಗಡಿಯವನ ಜೊತೆ ಒಳಗಿಂದೊಳಗೇ ಮಾತಾಗಿದೆ" ಎನ್ನುತ್ತಿದ್ದ. ಪಕ್ಕದ ಮನೆಯವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಏನಾಯಿತು ಇವರಿಗೆ. ಇಂಥವನ ಜೊತೆ ಸಂಸಾರ ಮಾಡಿದ ಅವನ ಹೆಂಡತಿಯನ್ನು ಮೆಚ್ಚಬೇಕು. ಅವಳು ಒಂದೇ ಉಪಾಯ ಕಂಡುಕೊಂಡಿದ್ದಳು: ಗಂಡ ಕೇಳಿದ್ದಕ್ಕೆಲ್ಲ "ಇರಬಹುದು" ಎಂದು ಹೇಳಿ ತನ್ನ ಕೆಲಸ ನೋಡಿಕೊಳ್ಳುವುದು.

ಹಾಗಂತ ಅವನ ಅನುಮಾನ ದಂಡಕ್ಕೆ ಬಂದದ್ದೇನೂ ಅಲ್ಲ. ಅವನಿಗೆ ಅನ್ನ ಹಾಕುತ್ತಿದ್ದುದೇ ಅದು. ವಿಮಾನ ನಿಲ್ದಾಣದ ಓಡುದಾರಿಯಿಂದ ಹಕ್ಕಿಗಳನ್ನು ಓಡಿಸುವುದು ಅವನ ಕೆಲಸ. ವಿಮಾನ ಇಳಿಯುವ ಹೊತ್ತಿಗೆ ಒಂದು ಹದ್ದು ಎಂಜಿನ್ನಿಗೆ ಸಿಕ್ಕಿಕೊಂಡರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಹಳೆಯ ಜೀಪು, ಕೊರಳಿಗೊಂದು ಸೀಟಿ, ಸದ್ದು ಮಾತ್ರ ಮಾಡುವ ಒಂದು ಬಂದೂಕು, ಇಷ್ಟೇ ಅವನ ಆಸ್ತಿ. ಕಾಗೆ ಎದ್ದು ಹೋದಂತೆ ನಟಿಸಿ ಶೆಡ್ಡಿನ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ಹುಲ್ಲಿನಲ್ಲಿ ಕೂತ ಟಿಟ್ಟಿಭ ಕಲ್ಲಿನಂತೆ ಸುಮ್ಮನಿರುತ್ತದೆ. ಕಲ್ಲು ಕಂಡರೂ ಅನುಮಾನ ಪಡುವವನೇ ಈ ಕೆಲಸಕ್ಕೆ ಬೇಕು. ಗಿಡುಗಣ್ಣ ಎಂಬ ಹೆಸರನ್ನು ಇಟ್ಟವರೂ ಅಲ್ಲಿನವರೇ. ತೊಂದರೆ ಏನೆಂದರೆ, ಸಂಜೆ ಮನೆಗೆ ಬಂದಾಗ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದನೇ ಹೊರತು ಅನುಮಾನವನ್ನು ಬಿಡುತ್ತಿರಲಿಲ್ಲ.

ಒಬ್ಬಳೇ ಮಗಳು. ಅವಳು ಮೊಣಕಾಲೆತ್ತರ ಇದ್ದಾಗಲೇ ಅವನು ಪಾಠ ಶುರು ಮಾಡಿದ್ದ. "ಒರೆಸಿದೆ ಅಂತ ಎಲ್ಲರೂ ಹೇಳ್ತಾರೆ ಪುಟ್ಟಿ. ನೀನು ಬೆರಳಿಟ್ಟು ನೋಡು." ಪುಟ್ಟಿ ಬೀರುವಿನ ಮೇಲೆ, ಕಿಟಕಿಯ ಅಂಚಿನ ಮೇಲೆ ಬೆರಳೆಳೆದು, ತುದಿಯನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸುತ್ತಿದ್ದಳು. ಅಪ್ಪನಿಗೆ ಹೆಮ್ಮೆ. ಒರೆಸಿದ ತಾಯಿಗೆ ಮೈಯೆಲ್ಲ ಉರಿ.

ಆ ಬೆರಳು ಮದುವೆಯಾದ ಮೇಲೆ ಗಂಡನ ಮನೆಗೂ ಹೋಯಿತು. ಅಳಿಯ ಅದೇ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿದ್ದವನು; ಮೇಲಿನ ಮಹಡಿಯ ಕೋಣೆ, ಸುತ್ತ ಕಿಟಕಿ, ಮಾತು ಕಡಿಮೆ. "ಆಕಾಶ ನೋಡಿ ಸಂಬಳ ತಗೊಳ್ಳೋನು" ಎಂದು ಗಿಡುಗಣ್ಣ ಮೊದಲ ದಿನದಿಂದಲೂ ಅವನನ್ನು ಓರೆಗಣ್ಣಲ್ಲೇ ನೋಡಿದ್ದ. ಒಂದು ಸಂಜೆ ಅಳಿಯ ಕೆಲಸವಿದೆ ಎಂದು ಹೇಳಿ ಗೆಳೆಯನ ಮನೆಯಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದ. ಸುಳ್ಳು ಸಣ್ಣದೇ. ಆದರೆ ಮಗಳು ಅದರ ಬಾಲ ಹಿಡಿದು ಎಳೆದಳು. ಎಳೆದಷ್ಟೂ ಉದ್ದವಾಯಿತು. ಕೊನೆಗೆ ಬಟ್ಟೆ ತುಂಬಿಕೊಂಡು, ಸಮುದ್ರದಾಚೆ ದೂರದ ಊರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೊರಟೇಹೋದಳು.

ತಾಯಿ ಫೋನಿನಲ್ಲಿ ಅತ್ತಳು, ಗದರಿದಳು, ಮತ್ತೆ ಅತ್ತಳು. ಅಂತೂ ಮಗಳು ಒಪ್ಪಿದಳು. "ಬರ್ತೀನಿ. ಆದ್ರೆ ಇನ್ನೊಂದು ಸುಳ್ಳು ಸಿಕ್ಕಿದ್ರೆ ಅಲ್ಲಿಗೆ ಮುಗೀತು. ಆಮೇಲೆ ಯಾರೂ ನನ್ನನ್ನ ಕರೀಬೇಡಿ."

ಅವಳ ವಿಮಾನ ಬರಬೇಕಿದ್ದ ದಿನವೇ ಬೆಟ್ಟ ಸಿಡಿಯಿತು.

ಸಮುದ್ರದ ನಡುವಿನ ದ್ವೀಪದಲ್ಲಿದ್ದ ಬೆಟ್ಟ ಅದು. ಊರಿನ ಮಾಳಿಗೆಗಳಿಂದ ನೀಲಿ ಗುಡ್ಡೆಯಂತೆ ಕಾಣುತ್ತಿತ್ತು. ಆಗಾಗ ಕೆಮ್ಮುವುದು, ಸ್ವಲ್ಪ ಹೊಗೆ ಉಗುಳುವುದು ಅದರ ಅಭ್ಯಾಸ. ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಈ ಸಲ ಬೆಳಿಗ್ಗೆ ಕಿಟಕಿಯ ಗಾಜು ಗಡಗಡ ಎಂದಿತು. ಗಿಡುಗಣ್ಣ ಓಡುದಾರಿಯ ತುದಿಯಲ್ಲಿ ಜೀಪು ನಿಲ್ಲಿಸಿ ನೋಡಿದ. ಬೆಟ್ಟದ ನೆತ್ತಿಯಿಂದ ಕಪ್ಪು ಕಂಬವೊಂದು ನೆಟ್ಟಗೆ ಏಳುತ್ತಿತ್ತು. ಏಳುತ್ತಲೇ ಇತ್ತು. ಬುಡದಲ್ಲಿ ಕೆಂಪು ಮಿಂಚಿ ಮಾಯವಾಗುತ್ತಿತ್ತು, ಮೇಲೆ ಹೋದಂತೆ ಕಂಬ ಅಗಲವಾಗಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಸಾಮಾನು ಹೊರುವವರು, ಪೆಟ್ರೋಲ್ ಹಾಕುವವರು ಎಲ್ಲ ಕೆಲಸ ಬಿಟ್ಟು ಬಾಯಿ ತೆರೆದು ನಿಂತರು. ನಿಜ ಹೇಳಬೇಕೆಂದರೆ ಅವನಿಗೂ ಎದೆ ಝಲ್ಲೆಂದಿತು. ಆದರೆ ತಲೆಯ ಮೇಲಿನ ಆಕಾಶ ತೊಳೆದಿಟ್ಟಷ್ಟು ನೀಲಿಯಾಗಿತ್ತು. ಕಾಗೆಗಳೂ ಎಂದಿನಂತೆ ಹಾರಾಡಿಕೊಂಡಿದ್ದವು.

ಸ್ವಲ್ಪ ಹೊತ್ತಿಗೆ ನಿಲ್ದಾಣ ಮುಚ್ಚಿದರು. ಹವಾಮಾನ ಕಚೇರಿಯ ಎಚ್ಚರಿಕೆಯಂತೆ. ಅರ್ಧ ದಾರಿಗೆ ಬಂದಿದ್ದ ಮಗಳ ವಿಮಾನ ಬಂದ ಕಡೆಗೇ ತಿರುಗಿತು.

ಮಧ್ಯಾಹ್ನ ಮಗಳ ಫೋನು ಬಂತು. "ಅಪ್ಪ, ನಾನು ಕಿಟಕಿ ಪಕ್ಕನೇ ಕೂತಿದ್ದೆ. ಹೊರಗೆ ಒಂದು ಮೋಡ ಕೂಡ ಇರ್ಲಿಲ್ಲ. ವಾಪಸ್ ಕಳಿಸಿದ್ದು ಯಾರು ಹೇಳು?"

ಹೇಳಬೇಕೇ? ಗಿಡುಗಣ್ಣ ಮೆಟ್ಟಿಲು ಹತ್ತಿ ನೇರ ಅಳಿಯನ ಕೋಣೆಗೆ ಹೋದ. ಅಳಿಯ ಮೂರು ಪರದೆಗಳ ಮುಂದೆ, ತಣ್ಣಗಾದ ಕಾಫಿ ಹಿಡಿದು ಕೂತಿದ್ದ.

"ಮಾವ, ಇದು ಒಲೆ ಬೂದಿ ಥರ ಅಲ್ಲ. ಗಾಜಿನ ಪುಡಿ ಅಂದ್ಕೊಳ್ಳಿ. ಎಂಜಿನ್ ಒಳಗೆ ಹೋಗಿ ಕರಗಿ ಅಂಟಿಕೊಂಡ್ರೆ ಎಂಜಿನ್ನೇ ನಿಂತುಹೋಗುತ್ತೆ. ಎಷ್ಟೋ ಎತ್ತರದಲ್ಲಿ ತೆಳ್ಳಗೆ ಹರಡಿರುತ್ತೆ, ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣದ್ದು ನಿನಗೆ ಹೇಗೆ ಕಾಣ್ತು?"

"ಉಪಗ್ರಹದ ಚಿತ್ರದಲ್ಲಿ."

"ಆ ಚಿತ್ರ ನೋಡಿದ್ದು ಯಾರು?"

"ನಾನೇ."

"ಅದನ್ನೇ ನಾನೂ ಹೇಳ್ತಿರೋದು."

ಗಂಡ ಹೆಂಡತಿ ಜಗಳದಲ್ಲಿ ಯಾರಾದರೂ ವಿಮಾನ ನಿಲ್ಲಿಸುತ್ತಾರೆಯೇ ಎಂದು ನೀವು ಕೇಳಬಹುದು. ಗಿಡುಗಣ್ಣನ ಹೆಂಡತಿಯೂ ಅದನ್ನೇ ಕೇಳಿದಳು. ಅದಕ್ಕೆ ಅವನು "ಅಧಿಕಾರ ಕೈಯಲ್ಲಿದ್ರೆ ಏನು ಬೇಕಾದ್ರೂ ಮಾಡ್ತಾರೆ. ಅವಳು ಬರೋದು ಅವನಿಗೆ ಬೇಕಾಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ, ಅವಳು ನೆಂಟರಿಗೆಂದು ಎತ್ತಿಟ್ಟಿದ್ದ ಪಿಂಗಾಣಿ ತಟ್ಟೆಯೊಂದನ್ನು ಎತ್ತಿಕೊಂಡು ಮಾಳಿಗೆಗೆ ಹೋದ. ಬಿಳಿ ತಟ್ಟೆ. ಅದನ್ನು ಬಟ್ಟೆ ತೊಳೆಯುವ ಕಲ್ಲಿನ ಮೇಲೆ ಇಟ್ಟು, ಬೂದಿ ಬೀಳುವುದಿದ್ದರೆ ಬೀಳಲಿ ಎಂದು ಕಾದ.

ಒಂದು ದಿನ ಕಳೆಯಿತು. ತಟ್ಟೆಯ ಮೇಲೆ ಒಂದು ಇರುವೆ ಓಡಾಡಿದ್ದು ಬಿಟ್ಟರೆ ಏನೂ ಇರಲಿಲ್ಲ.

ಅಲ್ಲಿಗೆ ಅವನಿಗೆ ರೆಕ್ಕೆ ಬಂತು. ತಟ್ಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಹೋದ. ಅಲ್ಲಿ ಪ್ರಯಾಣಿಕರು ಕಾಯುವ ಹಜಾರದಲ್ಲಿ ಜನ ಪೆಟ್ಟಿಗೆಗಳಿಗೆ ಒರಗಿ, ಕುರ್ಚಿಗಳ ಕೆಳಗೆ ಕಾಲು ಚಾಚಿ, ಮಕ್ಕಳನ್ನು ಸುಧಾರಿಸಲಾರದೆ, ಫೋನ್ ಚಾರ್ಜು ಮಾಡುವ ಗೋಡೆಯ ಹತ್ತಿರ ನೂಕಾಡುತ್ತಾ ಬಿದ್ದಿದ್ದರು. ಫಲಕದಲ್ಲಿ ಮೇಲಿನಿಂದ ಕೆಳಗಿನವರೆಗೆ 'ರದ್ದು'. ಗಿಡುಗಣ್ಣ ತಟ್ಟೆ ಬಿಚ್ಚಿ ತೋರಿಸಿದ್ದೇ ತಡ, ಜನ ಸುತ್ತುವರಿದರು.

"ನೋಡಿ ಸ್ವಾಮಿ, ನಿನ್ನೆಯಿಂದ ಮಾಳಿಗೆ ಮೇಲಿದೆ. ಬೂದಿ ಎಲ್ಲಿದೆ ತೋರಿಸಿ."

"ನಾನು ಮೊದಲೇ ಅಂದೆ, ಇದ್ರಲ್ಲಿ ಏನೋ ಇದೆ" ಎಂದ ಟೈ ಕಟ್ಟಿದ ಒಬ್ಬಾತ. ಮದುವಣಗಿತ್ತಿಯ ಸೀರೆ ಪೆಟ್ಟಿಗೆ ಹಿಡಿದಿದ್ದ ಹೆಂಗಸೊಬ್ಬಳು ತಟ್ಟೆಯ ಮೇಲೆ ಕೈಯಾಡಿಸಿ ನಿಟ್ಟುಸಿರುಬಿಟ್ಟಳು. ಯಾರೋ ತಟ್ಟೆಯ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಆಯುಷ್ಯದಲ್ಲೇ ಮೊದಲ ಸಲ ಅವನ ಅನುಮಾನಕ್ಕೆ ಇಷ್ಟು ಜನ ತಲೆದೂಗಿದ್ದು. ಅವನು ಉಬ್ಬಿಹೋದ. ಅದೇ ಉಬ್ಬಿನಲ್ಲಿ ತಟ್ಟೆಯ ಚಿತ್ರವನ್ನು ಮಗಳಿಗೂ ಕಳಿಸಿದ.

ಮಗಳು ತಕ್ಷಣ ಫೋನ್ ಮಾಡಿದಳು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ, ಅವಳು ಕೂಗಾಡಲಿಲ್ಲ. "ನನಗೆ ಗೊತ್ತಿತ್ತು ಅಪ್ಪ. ನೀನೊಬ್ಬ ನಿಜ ಹೇಳ್ದೆ. ಇನ್ನು ನಾನು ಬರಲ್ಲ. ನನ್ನ ಸಾಮಾನು ಅಮ್ಮನಿಗೆ ಹೇಳಿ ಕಳಿಸಿಬಿಡು." ಮೂಗು ಎಳೆದುಕೊಂಡ ಸದ್ದು ಕೇಳಿತು, ಫೋನ್ ಇಟ್ಟಳು.

ಹೆಂಡತಿ ಆ ಸಂಜೆ 'ಇರಬಹುದು' ಎನ್ನಲಿಲ್ಲ. "ಮಗಳು ಬರಲಿ ಅಂತ ತಟ್ಟೆ ಇಟ್ರೋ, ಬರದೇ ಇರಲಿ ಅಂತ ಇಟ್ರೋ?" ಎಂದು ಕೇಳಿ ಒಳಗೆ ಹೋದಳು. ಅವನು ತಟ್ಟೆಯನ್ನು ಮತ್ತೆ ಮಾಳಿಗೆಯ ಮೇಲಿಟ್ಟು ಬಂದ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಗಾಗುವಾಗ ಮಾಳಿಗೆ ಹತ್ತಿದವನು ಅಲ್ಲೇ ನಿಂತ. ತಟ್ಟೆ ಬಿಳಿಯಾಗಿರಲಿಲ್ಲ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಬೂದು ಪದರ ಅದರ ಅಂಚಿನಿಂದ ಅಂಚಿನವರೆಗೆ ಕೂತಿತ್ತು. ಬೆರಳಿಟ್ಟ. ಗೆರೆ ಮೂಡಿತು. ನಾಲಿಗೆಗೆ ತಾಗಿಸಿದ; ಹಲ್ಲಿನ ನಡುವೆ ಕರಕರ ಎಂದಿತು, ಗಾಜಿನಂತೆ. ಬಟ್ಟೆ ಒಣಹಾಕುವ ತಂತಿ, ನೀರಿನ ತೊಟ್ಟಿಯ ಮುಚ್ಚಳ, ಪಕ್ಕದ ಮನೆಯ ಹೆಂಚು, ಎಲ್ಲದರ ಮೇಲೂ ಅದೇ.

ಆಗ ಅವನು ಮಾಡಿದ ಕೆಲಸ ಹೇಳುವುದಕ್ಕೆ ನನಗೇ ನಾಚಿಕೆಯಾಗುತ್ತದೆ. ಹೆಗಲ ಮೇಲಿನ ಟವೆಲ್ ತೆಗೆದು ತಟ್ಟೆಯನ್ನು ಚೆನ್ನಾಗಿ ಒರೆಸಿಬಿಟ್ಟ. ಊರಿಗೆ ಊರೇ ಬೂದಿ ಮೆತ್ತಿಕೊಂಡಿದ್ದರೂ ಆ ಕ್ಷಣಕ್ಕೆ ಅವನಿಗೆ ಆ ತಟ್ಟೆಯೊಂದು ಬಿಳಿಯಾಗಿದ್ದರೆ ಸಾಕಾಗಿತ್ತು.

ಕೆಳಗೆ ಬಂದರೆ ಬಾಗಿಲಲ್ಲಿ ಅಳಿಯ ನಿಂತಿದ್ದ. ತಲೆಗೂದಲು ಬೂದು, ರೆಪ್ಪೆ ಬೂದು, ಕಣ್ಣು ಕೆಂಪು. ಮನೆಗೂ ಹೋಗದೆ ಕಚೇರಿಯಿಂದ ನೇರ ಬಂದಿದ್ದ.

"ಅವಳು ಫೋನ್ ಮಾಡಿದ್ಲಾ ಮಾವ?"

ಗಿಡುಗಣ್ಣ ಟವೆಲನ್ನು ಬೆನ್ನ ಹಿಂದೆ ಸರಿಸಿದ.

"ಆ ವಿಮಾನದಲ್ಲಿ ಅವಳಿದ್ದಾಳೆ ಅಂತ ಗೊತ್ತಿದ್ದೇ ವಾಪಸ್ ಕಳಿಸಿ ಅಂತ ಬರೆದೆ. ಅವಳು ಏನಂದ್ಕೋತಾಳೆ ಅಂತಲೂ ಗೊತ್ತಿತ್ತು. ಸುಮ್ಮನಿದ್ದಿದ್ರೆ ಸಂಜೆಗೆ ಮನೇಲಿರ್ತಿದ್ಲು." ಅಳಿಯ ಅಂಗಳದಲ್ಲಿ ಬಿದ್ದಿದ್ದ ಬೂದಿಯನ್ನು ನೋಡಿದ. "ಇಲ್ಲಾ, ಎಲ್ಲೂ ಇರ್ತಿರ್ಲಿಲ್ಲ."

ಅಷ್ಟು ಹೇಳಿ ಅವನು ಬಂದ ದಾರಿಯಲ್ಲೇ ಹೋದ. ಮುಖ ನೋಡಿದೊಡನೆ ಯಾರ ಮಾತಿನಲ್ಲೂ ಹುಳುಕು ಹುಡುಕುವ ಗಿಡುಗಣ್ಣನಿಗೆ ಆ ಮುಖದಲ್ಲಿ ಹುಡುಕಲು ಏನೂ ಸಿಗಲಿಲ್ಲ. ಅವನು ಹೊಸ್ತಿಲ ಮೇಲೆ ಕುಸಿದು ಕೂತು ಮಗಳಿಗೆ ಫೋನ್ ಹಚ್ಚಿದ.

"ಪುಟ್ಟಿ, ಬೂದಿ ಬಿದ್ದಿದೆ. ಅವನು ಹೇಳಿದ್ದು ನಿಜ."

"ನಿನ್ನ ತಲೆ ಕೆಡಿಸಿದ್ದು ಯಾರು? ಅಮ್ಮನಾ?"

"ಯಾರೂ ಅಲ್ಲ. ನಾನೇ ಕಣ್ಣಾರೆ ನೋಡ್ದೆ. ತಟ್ಟೆ ತುಂಬ ಇತ್ತು."

"ಹಾಗಾದ್ರೆ ತಟ್ಟೆ ಫೋಟೋ ಕಳಿಸು."

"ಒರೆಸಿಬಿಟ್ಟೆ."

"ಯಾಕೆ?"

ಈ 'ಯಾಕೆ'ಯನ್ನು ಜೀವಮಾನವಿಡೀ ಎಲ್ಲರನ್ನೂ ಕೇಳಿದವನು ಅವನು. ತನ್ನನ್ನು ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಕಲಿತಿರಲಿಲ್ಲ. ಟವೆಲಿನ ಫೋಟೋ ಕಳಿಸಿದ. 'ಆ ಟವೆಲ್ ಯಾವಾಗಲೂ ಹಾಗೇ ಇರುತ್ತೆ' ಎಂದು ಉತ್ತರ ಬಂತು. ಅಂಗಳದ ಫೋಟೋ ಕಳಿಸಿದ. 'ಒಲೆ ಬೂದಿ ಹರಡೋಕೆ ಎಷ್ಟು ಹೊತ್ತು ಬೇಕು?' ಆಮೇಲೆ ಅವಳು ಫೋನ್ ಎತ್ತಲಿಲ್ಲ. ತಾನು ಕೈಯಾರೆ ತಿದ್ದಿ ಬೆಳೆಸಿದ ಮಗಳು, ಒಂದು ಪಾಠವನ್ನೂ ಮರೆತಿರಲಿಲ್ಲ. ಅವನಿಗೆ ಅಳು ಬಂತು. ಹೆಂಡತಿಗೆ ಕಾಣದಂತೆ ಬಚ್ಚಲಿಗೆ ಹೋಗಿ ಅತ್ತ.

ಕೆಲವು ದಿನಗಳಲ್ಲಿ ಗಾಳಿ ತಿರುಗಿತು. ಬೆಟ್ಟ ಸುಸ್ತಾಗಿ ಬಿಳಿ ಹೊಗೆಗೆ ಇಳಿಯಿತು. ಟ್ಯಾಂಕರುಗಳು ಬಂದು ಓಡುದಾರಿ ತೊಳೆದವು, ಮಾಳಿಗೆಗಳನ್ನು ಜನ ತೊಳೆದುಕೊಂಡರು. ವಿಮಾನ ನಿಲ್ದಾಣದ ಗಾಡಿಗಳನ್ನೆಲ್ಲ ತೊಳೆಯುವವರು ಗಿಡುಗಣ್ಣನ ಜೀಪಿನ ಹತ್ತಿರ ಬಂದಾಗ ಅವನು ಅಡ್ಡ ನಿಂತ.

"ಮುಟ್ಟಬೇಡಿ."

"ಸಾಹೇಬ್ರು ಬೈತಾರೆ ಅಣ್ಣ. ಅದ್ರಲ್ಲಿ ಏನು ಚಿನ್ನ ಇದೆಯಾ?"

"ಇದೆ ಅಂದ್ಕೊಳ್ಳಿ."

ಸಾಹೇಬರು ಬೈದರು. ಬೈಸಿಕೊಂಡ. ಜೀಪು ಬೂದಿ ಮೆತ್ತಿಕೊಂಡೇ ಓಡಾಡಿತು. ಮಗಳು ಬರುತ್ತಾಳೆ ಎಂಬ ಭರವಸೆ ಅವನಿಗೇನೂ ಇರಲಿಲ್ಲ. ಬಂದರೆ ತೋರಿಸಲು ಏನಾದರೂ ಉಳಿದಿರಲಿ ಎಂದಷ್ಟೇ.

ಸಮುದ್ರದಾಚೆಯಿಂದ ಮೊದಲ ವಿಮಾನ ಇಳಿದಾಗ ಅವನು ಜೀಪನ್ನು ಜನ ನಡೆದು ಬರುವ ಗೇಟಿನ ಪಕ್ಕದಲ್ಲೇ ತಂದು ನಿಲ್ಲಿಸಿದ್ದ. ಸಣ್ಣ ನಿಲ್ದಾಣ, ಇಳಿದವರು ಕಾಲ್ನಡಿಗೆಯಲ್ಲೇ ಕಟ್ಟಡಕ್ಕೆ ಬರುತ್ತಾರೆ. ಅವನು ಒಬ್ಬೊಬ್ಬರನ್ನೇ ನೋಡಿದ. ಎಲ್ಲರೂ ಮುಗಿದರು ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಮಗಳು ಕಂಡಳು. ಹೆಗಲಿಗೊಂದು ಚೀಲ, ಮುಖ ಬಿಗಿ.

ಬಂದವಳು ಎದುರಿಗೆ ನಿಂತಳು. "ನೀನು ಕರೆದೆ ಅಂತ ಬಂದಿಲ್ಲ. ನಿಮ್ಮಿಬ್ಬರಲ್ಲಿ ಸುಳ್ಳು ಹೇಳಿದ್ದು ಯಾರು ಅಂತ ನೋಡೋಕೆ ಬಂದೆ."

ಏನು ಹೇಳಿದರೂ ಕೆಡುತ್ತದೆ ಎಂದು ಗಿಡುಗಣ್ಣ ಪಕ್ಕಕ್ಕೆ ಸರಿದು ನಿಂತ. ಮಗಳ ಕಣ್ಣು ಜೀಪಿನ ಮೇಲೆ ಹೋಯಿತು. ಹತ್ತಿರ ಹೋಗಿ, ಬಾನೆಟ್ಟಿನ ಮೇಲೆ ತೋರುಬೆರಳಿಟ್ಟು ಉದ್ದಕ್ಕೆ ಎಳೆದಳು, ಸಣ್ಣವಳಿದ್ದಾಗ ಎಳೆಯುತ್ತಿದ್ದಂತೆಯೇ. ತುದಿಯನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಉಜ್ಜಿದಳು. ಕರಕರ ಎಂದದ್ದು ಅವಳಿಗೂ ಗೊತ್ತಾಗಿರಬೇಕು.

"ನೋಡಿದ್ಯಾ?" ಎಂದ ಗಿಡುಗಣ್ಣ.

"ನೋಡಿದೆ" ಎಂದಳು. ಅವಳು ನೋಡುತ್ತಿದ್ದುದು ಬೆರಳನ್ನಲ್ಲ, ಅವನನ್ನು. ಅವನು ತಲೆ ತಗ್ಗಿಸಿದ.

"ಅವರು ಎಲ್ಲಿ?"

ಅವನು ಮೇಲಿನ ಮಹಡಿಯ ಕಿಟಕಿ ತೋರಿಸಿದ. ಅವಳು ಬೆರಳನ್ನು ಒರೆಸಿಕೊಳ್ಳದೆ, ಎತ್ತಿ ಹಿಡಿದುಕೊಂಡೇ ಹೊರಟಳು. ನಾಲ್ಕು ಹೆಜ್ಜೆ ಹೋದವಳು ವಾಪಸು ಬಂದು ಚೀಲವನ್ನು ಅವನ ಕೈಗೆ ತುರುಕಿದಳು. "ಹುಷಾರಾಗಿ ನೋಡ್ಕೋ. ಇಲ್ಲಿ ಯಾರನ್ನೂ ನಂಬೋ ಹಾಗಿಲ್ಲ."

ಚೀಲ ಭಾರವಾಗಿತ್ತು. ಜಗಳ ಮುಗಿಸಿ ಸಂಜೆಗೇ ಹೊರಡುವವಳ ಚೀಲವೋ, ಇಲ್ಲೇ ಉಳಿಯುವವಳದೋ? ಜಿಪ್ಪು ಎಳೆದು ನೋಡಿದರೆ ಗೊತ್ತಾಗಿಬಿಡುತ್ತಿತ್ತು. ಅವನ ಕೈ ಜಿಪ್ಪಿನವರೆಗೂ ಹೋಯಿತು. ಅಷ್ಟರಲ್ಲಿ ಶೆಡ್ಡಿನ ಹಿಂದಿನಿಂದ ಎರಡು ಕಾಗೆ ಸುತ್ತಿಕೊಂಡು ಬಂದು ಹುಲ್ಲಿನ ಮೇಲಿಳಿದವು. ಗಿಡುಗಣ್ಣ ಚೀಲವನ್ನು ತೆರೆಯದೆ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟಿ ಊದುತ್ತಾ ಅವುಗಳ ಕಡೆ ಓಡಿದ.