ಜಪಾನಿನವನು ಹಿಡಿದ ವೀಳ್ಯ

ಜಪಾನ್ ಮೇಲೋ ಜರ್ಮನಿ ಮೇಲೋ ಎಂದು ಎಂಟು ವರ್ಷ ಜಗಳವಾಡಿದವರು ನಾವಿಬ್ಬರು. ನಾನು ಶಿವರಾಮು, ಉಮ್ಮತ್ತೂರಿನ ಆಚೆಗಿದ್ದ ಕರಿಕಲ್ಲು ಕ್ವಾರಿಯ ಗುಮಾಸ್ತ. ಅವರು ಪುಟ್ಟಮಾದಯ್ಯ, ಅದೇ ಕ್ವಾರಿಯಲ್ಲಿ ಕಲ್ಲು ನೋಡುವವರು. ಶನಿವಾರ ಸಂಜೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ, ನನ್ನ ಗುಂಡ್ಲುಪೇಟೆ ಬಸ್ಸು ಹೊರಡುವ ತನಕ ಟೀ ಕುಡಿಯುತ್ತಾ ನಮ್ಮ ವಾದ. ಇಬ್ಬರೂ ಮೈಸೂರು ದಾಟಿ ಆಚೆ ಹೋದವರಲ್ಲ.

ನೆಲದಿಂದ ಹೊಸ ಕಲ್ಲಿನ ದಿಮ್ಮಿ ಎದ್ದರೆ ಮಾದಯ್ಯ ಅದರ ಮೇಲೆ ಒಂದು ಚೆಂಬು ನೀರು ಸುರಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ನೀರು ಆರುತ್ತಾ ಬಂದಾಗ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿದರೆ ಅಲ್ಲಿ ಬಿರುಕಿದೆ ಎಂದು ಲೆಕ್ಕ. ಅವರು ಸರಿ ಎಂದ ಕಲ್ಲನ್ನು ಯಾವ ದೇಶದವರೂ ಬೇಡ ಅಂದದ್ದಿಲ್ಲ. ನಮ್ಮ ಕಲ್ಲೆಲ್ಲ ಹೋಗುತ್ತಿದ್ದದ್ದು ಪರದೇಶದ ಸಮಾಧಿಗಳಿಗೆ. ಹೀಗಾಗಿ ಒಂದು ದೇಶ ಎಂಥದ್ದು ಎಂದು ಮಾದಯ್ಯ ಅಳೆಯುತ್ತಿದ್ದದ್ದೂ ಅಲ್ಲಿನ ಜನ ಸತ್ತವರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಮೇಲೆಯೇ.

ನಾನು ಜರ್ಮನಿಯ ಕಡೆ. ಅಲ್ಲಿನ ವ್ಯಾಪಾರಿಗಳು ಕೊಟ್ಟ ಕ್ಯಾಲೆಂಡರು ನಮ್ಮನೆ ಗೋಡೆಯ ಮೇಲಿತ್ತು. ಅದರ ರಸ್ತೆ, ಕೋಟೆ, ಹಿಮ ನೋಡಿ ನೋಡಿ ನನಗೆ ಅಲ್ಲಿಗೆ ಹೋಗಿ ಬಂದಷ್ಟೇ ಜಂಬ. ಊರನ್ನೇ ಎರಡು ಮಾಡಿದ್ದ ಗೋಡೆಯನ್ನು ಜನರೇ ಒಡೆದು ಹಾಕಿದರಲ್ಲ, ಅದಕ್ಕಿಂತ ಗಂಡಸುತನ ಬೇಕೇ ಎಂದು ಟೇಬಲ್ ಗುದ್ದುತ್ತಿದ್ದೆ. ಆದರೆ ಒಮ್ಮೆ ಜರ್ಮನಿಯ ವ್ಯಾಪಾರಿಯೇ ನನ್ನ ವಾದ ಕೆಡಿಸಿಬಿಟ್ಟ. ಅವರಲ್ಲಿ ಸಮಾಧಿಯ ಜಾಗ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಮಾತ್ರವಂತೆ, ಆಮೇಲೆ ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ಜಾಗವನ್ನು ಬೇರೆಯವರಿಗೆ ಕೊಡುತ್ತಾರಂತೆ.

ಮಾದಯ್ಯ ಟೀ ಲೋಟ ಕೆಳಗಿಟ್ಟರು. "ಸತ್ತೋರ್ನೂ ಎಬ್ಬುಸ್ಬುಟ್ಟಾರಾ? ಜಪಾನೋರ ನೋಡಿ ಸಿವರಾಮಪ್ಪ. ತಾತ ಮುತ್ತಾತ ಎಲ್ರುನೂವೆ ಒಂದೇ ಕಲ್ಲಡಿ ಮಡಗಿ, ವರ್ಸಾ ವರ್ಸಾ ಓಗಿ ನೀರುಯ್ದು ತೊಳೀತಾರಂತೆ. ಅಂತಾ ದೇಸುಕ್ಕೆ ಒಂದ್ಸಲನಾರಾ ಓಗ್ಬೇಕು ಕಣಪ್ಪ."

"ನಮ್ಮ ಬಸ್ಸು ಅಲ್ಲೀಗಂಟ ಓಗಲ್ಲ ಮಾದಯ್ಯ, ಗಡೀಲಿ ಪುಣಜನೂರಲ್ಲೇ ಇಳಿಸ್ಬುಡ್ತಾರೆ" ಎಂದು ನಾನು ಕಿಚಾಯಿಸಿದೆ. ಅವರೂ ನಕ್ಕರು.

ಆ ನಗುವಿನ ಹಿಂದೆ ಏನಿತ್ತೆಂದು ನನಗೆ ಗೊತ್ತಿತ್ತು. ಅವರ ಒಬ್ಬಳೇ ಮಗಳು ಭಾನು ತೊಂಬತ್ತೊಂದರಲ್ಲಿ, ಒಂಬತ್ತನೇ ವಯಸ್ಸಿಗೆ, ಜ್ವರ ಬಂದು ನಾಲ್ಕು ದಿನದಲ್ಲಿ ತೀರಿಕೊಂಡಿದ್ದಳು. ಕ್ವಾರಿಯ ಕೆಳಗಿನ ಗೋಮಾಳದಲ್ಲಿ ಅವಳನ್ನು ಮಣ್ಣು ಮಾಡಿ, ಬಿರುಕಿದೆ ಎಂದು ತಾವೇ ತಳ್ಳಿಹಾಕಿದ್ದ ದಿಮ್ಮಿಯದೊಂದು ತುಂಡನ್ನು ತಲೆಯ ಕಡೆ ನೆಟ್ಟಿದ್ದರು. ಪ್ರತಿ ಸೋಮವಾರ ಕೆಲಸಕ್ಕೆ ಮುಂಚೆ ಆ ಕಲ್ಲಿಗೆ ಅದೇ ಚೆಂಬಿನಲ್ಲಿ ನೀರು ಹುಯ್ಯುತ್ತಿದ್ದರು. ತೊಂಬತ್ತೇಳರ ಹೊತ್ತಿಗೆ ಕ್ವಾರಿಯ ವೇಸ್ಟು ಕಲ್ಲಿನ ಗುಡ್ಡೆ ಜಾರುತ್ತಾ ಜಾರುತ್ತಾ ಆ ಸಮಾಧಿಗೆ ಇಪ್ಪತ್ತು ಮಾರು ದೂರಕ್ಕೆ ಬಂದಿತ್ತು. ಕ್ವಾರಿಯ ಸಾಹುಕಾರ ನಂಜುಂಡಪ್ಪನವರಿಗೆ ಮಾದಯ್ಯ ಎರಡು ಸಲ ಕೈಮುಗಿದರು. "ನೋಡನ" ಎಂದರು ಸಾಹುಕಾರರು. ಲಾರಿಗಳು ಅಲ್ಲೇ ಸುರಿದವು.

ತೊಂಬತ್ತೆಂಟರ ಜನವರಿಯಲ್ಲಿ ಜಪಾನಿನ ವ್ಯಾಪಾರಿ ಹಿರಾನೊ ಬಂದ. ವರ್ಷಕ್ಕೆ ಎರಡು ಸಲ, ಜನವರಿಗೆ ಮತ್ತು ಜೂನ್‌ಗೆ, ತಪ್ಪದೆ ಬರುವವನು. ಅವನದು ಹರುಕು ಇಂಗ್ಲಿಷು, ನನ್ನದೂ ಹರುಕು, ಆದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಕಲ್ಲು ನೋಡಿ ಮುಗಿದ ಮೇಲೆ ಮಾದಯ್ಯ ಪಂಚೆಯ ಮಡಿಲಿನಿಂದ ಎಲೆ ಅಡಿಕೆ ತೆಗೆದು ಎರಡೂ ಕೈಯಲ್ಲಿ ಹಿಡಿದರು. "ಸಿವರಾಮಪ್ಪ, ನನ್ ಮಗ್ಳು ಮಲ್ಗವ್ಳೆ ಅಲ್ಲಿ, ಅವಳ ಮ್ಯಾಲೆ ಕಲ್ಲು ಸುರೀಬ್ಯಾಡಿ ಅಂತ ಸಾವ್ಕಾರ್ರಿಗೆ ಒಂದ್ ಮಾತು ಏಳ್ಲಿ ಅಂತ ಏಳಿ ಅವ್ರಿಗೆ. ಅವ್ರ ಮಾತ ಸಾವ್ಕಾರ್ರು ತಗದಾಕಲ್ಲ."

ಸಾಹುಕಾರರು ನನ್ನ ಪಕ್ಕದಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಹಿರಾನೊಗೆ ಹೇಳಿದ್ದು ಇಷ್ಟು: ಈತ ನಿಮಗೆ ಸ್ವಾಗತ ಕೋರುತ್ತಿದ್ದಾನೆ, ಇದು ನಮ್ಮ ಕಡೆಯ ಪದ್ಧತಿ.

ಹಿರಾನೊ ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು ಸೊಂಟದವರೆಗೆ ಬಗ್ಗಿದ. ನಮ್ಮ ಕಡೆ ವೀಳ್ಯ ಹಿಡಿದರೆ ಮಾತು ಕೊಟ್ಟಂತೆ. ಹೆಣ್ಣು ಕೊಡುವ ಮಾತೂ ಅದರಲ್ಲೇ, ಜಮೀನಿನ ಮಾತೂ ಅದರಲ್ಲೇ. ಮಾದಯ್ಯನ ಕಣ್ಣಲ್ಲಿ ನೀರು ಬಂತು. ನನಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆ ಕೆಲಸ ಬಿಡುವಷ್ಟು ದೊಡ್ಡದಾಗಿರಲಿಲ್ಲ.

ಫೆಬ್ರವರಿಯಲ್ಲಿ ಮಾದಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಒಂದು ಬಿಳಿ ಹಾಳೆ ಹಿಡಿದು ಆಫೀಸಿಗೆ ಬಂದರು. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಡಿ.ಸಿ.ಗೆ ಅರ್ಜಿ ಕೊಟ್ಟರೆ ಕೆಲಸವಾಗುತ್ತದೆ ಎಂದು ಯಾರೋ ಹೇಳಿದ್ದರು. ಅದು ನಿಜವೂ ಆಗಿತ್ತು. ಗೋಮಾಳದಲ್ಲಿ ಕಲ್ಲು ಸುರಿಯಲು ಸಾಹುಕಾರರ ಬಳಿ ಯಾವ ಕಾಗದವೂ ಇರಲಿಲ್ಲ, ಕಡತ ನೋಡುವವನು ನಾನೇ ಅಲ್ಲವೇ. ಅಷ್ಟರಲ್ಲಿ ಮಾದಯ್ಯ ಓಡಿ ಬಂದು ಹೆಂಡತಿಯ ಕೈಯಿಂದ ಹಾಳೆ ಕಿತ್ತುಕೊಂಡರು.

"ವೀಳ್ಯ ಇಸ್ಕಂಡವ್ರೆ ಕಣಮ್ಮಿ ಅವ್ರು! ಇಸ್ಕಂಡ್ ಮ್ಯಾಲೆ ಅರ್ಜಿ ಕೊಟ್ರೆ ಅವ್ರ ಮಾತ ನಂಬ್ನಿಲ್ಲ ಅಂತಾಯ್ತದೆ. ಜೂನ್ಗೆ ಬತ್ತಾರೆ, ತಡಿ."

ಪುಟ್ಟಸಿದ್ದಮ್ಮ ನನ್ನ ಮುಖ ನೋಡಿದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಟೈಪ್‌ರೈಟರಿಗೆ ಕಾಗದ ಏರಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಮೇ ತಿಂಗಳಲ್ಲಿ ನಮ್ಮ ಸರ್ಕಾರ ಪೋಖ್ರಾನಿನಲ್ಲಿ ಬಾಂಬು ಸಿಡಿಸಿತು. ಬಸ್ ಸ್ಟ್ಯಾಂಡಿನಲ್ಲಿ ಸಿಹಿ ಹಂಚಿದರು. ಜಪಾನಿನವರಿಗೆ ನಮ್ಮ ಮೇಲೆ ಸಿಟ್ಟು ಬಂದಿದೆ, ಸಾಲ ಸಹಾಯ ನಿಲ್ಲಿಸಿದ್ದಾರೆ ಎಂದು ಪೇಪರಿನಲ್ಲಿ ಬಂತು. ಮಾದಯ್ಯ ತಮ್ಮ ಪಾಲಿನ ಲಾಡು ಮುಟ್ಟಲಿಲ್ಲ. "ಅವ್ರ ಊರ್ಗಳ್ನೆಲ್ಲ ಬಾಂಬಲ್ಲೇ ಸುಟ್ಟಿದ್ದು ಅಂತ ನೀವೇ ಏಳಿದ್ರಿ. ಇನ್ನೆಂಗ್ ಬಂದಾರು?" ಎಂದರು.

ಜೂನ್‌ನಲ್ಲಿ ಹಿರಾನೊ ಬರಲಿಲ್ಲ. ಕಾರಣ ಬಾಂಬೋ ಬೇರೇನೋ ನನಗೆ ತಿಳಿಯದು. ಆ ತಿಂಗಳ ಮಳೆಗೆ ಗುಡ್ಡೆ ಒಂದೇ ಸಲಕ್ಕೆ ಕುಸಿದು ಗೋಮಾಳದ ಅರ್ಧ ಮುಚ್ಚಿತು. ಭಾನುವಿನ ಕಲ್ಲು ಎಲ್ಲಿತ್ತೆಂದು ಗುರುತು ಹೇಳಲು ಒಂದು ಪೊದೆಯೂ ಉಳಿಯಲಿಲ್ಲ. ಮೂರು ದಿನ ಮಾದಯ್ಯ ಬರಿಗೈಯಲ್ಲಿ ಕಲ್ಲು ಎತ್ತಿ ಎತ್ತಿ ಆಚೆ ಹಾಕಿದರು. ನಾಲ್ಕನೇ ದಿನ ಕೆಲಸಕ್ಕೆ ಬಂದು ದಿಮ್ಮಿಗೆ ನೀರು ಸುರಿದು ಕೂತರು. ನೀರು ಆರಿದ ಮೇಲೂ ಕೂತೇ ಇದ್ದರು.

ಮರುವರ್ಷ ಜನವರಿಗೆ ಹಿರಾನೊ ಬಂದ. ಮಾದಯ್ಯ ಮೈಗೆ ಒಗೆದ ಅಂಗಿ ಹಾಕಿ ಕಾದಿದ್ದರು. "ಏಳಿ ಸಿವರಾಮಪ್ಪ. ಮಾತು ತಪ್ದೆ ಅಂತ ಅವ್ರು ಮನ್ಸಿಗಚ್ಕಬಾರ್ದು. ಬಾಂಬು ಸಿಡಿಸ್ದೋರು ನಾವು, ತಪ್ಪು ನಮ್ದು. ನನ್ ಮನ್ಸಲ್ಲೇನೂ ಇಲ್ಲ ಅಂತ ಏಳ್ಬುಡಿ."

ಇನ್ನೊಂದು ಸುಳ್ಳು ಹೇಳಲು ನನ್ನ ಕೈಲಾಗಲಿಲ್ಲ. ಸಾಹುಕಾರರು ಇದ್ದಾರೋ ಇಲ್ಲವೋ ಎಂದೂ ನೋಡದೆ ಎಲ್ಲವನ್ನೂ ಹೇಳಿದೆ, ಹಿಂದಿನ ವರ್ಷ ನಾನು ಹೇಳದೆ ನುಂಗಿದ್ದನ್ನೂ ಸೇರಿಸಿ. ಹಿರಾನೊನ ಮುಖ ಬಿಳಿಚಿತು. "ಯಾವ ಮಗು?" ಎಂದು ಕೇಳಿದ. ನಾನು ಗುಡ್ಡೆ ತೋರಿಸಿದೆ. ಅವನು ಮಾದಯ್ಯನ ಚೆಂಬು ಕೇಳಿ ತೆಗೆದುಕೊಂಡು, ಪಾಲಿಶು ಮಾಡಿದ ಬೂಟಿನಲ್ಲೇ ಆ ಚೂರುಕಲ್ಲು ಹತ್ತಿ, ಗುರುತಿಲ್ಲದ ಒಂದು ಕಡೆ ನೀರು ಸುರಿದು ಕೈಮುಗಿದು ನಿಂತ.

ಮಾದಯ್ಯ ಅವನನ್ನು ನೋಡಿದರು, ಆಮೇಲೆ ನನ್ನನ್ನು. "ವೀಳ್ಯ ಇಸ್ಕಂಡಾಗ ಅವ್ರಿಗೆ ಗೊತ್ತಿರ್ನಿಲ್ವಾ?"

"ಇರಲಿಲ್ಲ. ನಾನು ಹೇಳಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೋ ಏನೋ.

"ಅವ್ರು ಪರದೇಸ್ದೋರು, ನನ್ ಮಾತು ಗೊತ್ತಾಗಾಕಿಲ್ಲ" ಎಂದರು. "ನೀವು ಗುಂಡ್ಲುಪೇಟೆಯೋರಲ್ವಾ?"

ಆ ಶನಿವಾರದಿಂದ ಬಸ್ ಸ್ಟ್ಯಾಂಡಿನಲ್ಲಿ ನಾನೊಬ್ಬನೇ ಟೀ ಕುಡಿದೆ.