ಒಂದೇ ಕೈಯ ಸ್ವಿಚ್ಚು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗುಬ್ಬಿಯಲ್ಲಿ ನನ್ನದೊಂದು ಮೋಟಾರ್ ರಿಪೇರಿ ಅಂಗಡಿ ಇತ್ತು. ತುಮಕೂರಿನ ಒಂದು ಹೋಟೆಲಿನಿಂದ ಹೇಳಿಕಳಿಸಿದರು: ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಸ್ವಿಚ್ಚು ಕೆಟ್ಟಿದೆ, ಬದಲಾಯಿಸಬೇಕು. ಹತ್ತು ನಿಮಿಷದ ಕೆಲಸಕ್ಕೆ ಬಸ್ಸು ಹತ್ತಬೇಕಲ್ಲ ಎಂದು ಗೊಣಗಿಕೊಂಡೇ ಹೋದೆ.

ಗ್ರೈಂಡರಿನ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಯಂತ್ರ ಬರುವ ಮೊದಲು ಅದೇ ಮೂಲೆಯಲ್ಲಿ ಒರಳುಕಲ್ಲಿನಲ್ಲಿ ರುಬ್ಬುತ್ತಿದ್ದವರು. "ಕೆಟ್ಟಿಲ್ಲ ಬುಡಪ್ಪ, ನಾನ್ ಒತ್ತುದ್ರೆ ತಿರುಗ್ತದೆ" ಎಂದು ಹೆಬ್ಬೆರಳನ್ನು ಓರೆಯಾಗಿಟ್ಟು ಒತ್ತಿದರು. ಗ್ರೈಂಡರ್ ತಿರುಗಿತು. ಯಜಮಾನರು ಒತ್ತಿದರೆ ಇಲ್ಲ, ನಾನು ಒತ್ತಿದರೂ ಇಲ್ಲ.

"ನೋಡಿದ್ರಾ? ಈಯಮ್ಮ ರಜಾ ಹಾಕಿದ್ರೆ ಅವತ್ತು ದೋಸೆ ಇಲ್ಲ" ಎಂದರು ಯಜಮಾನರು. "ಸರಿಯಾದ್ ಸ್ವಿಚ್ ಹಾಕ್ಬುಡಿ. ಗುಂಡಿ ಒತ್ತೋಕೆ ಅಂತ ಒಬ್ರು ಯಾಕೆ? ಲೋಟ ತೊಳೆಯೋನೇ ಒತ್ತಾನೆ."

ಅವರು ಗಲ್ಲಾಕ್ಕೆ ಹೋದ ಮೇಲೆ ಸ್ವಿಚ್ಚಿನ ಮುಚ್ಚಳ ಬಿಚ್ಚಿದೆ. ಗುಂಡಿಯ ಕೆಳಗೆ ತೆಂಗಿನ ಚಿಪ್ಪಿನ ಚೂರೊಂದು ಸಿಕ್ಕಿಕೊಂಡಿತ್ತು. ತಾನಾಗಿ ಹೋಗಿ ಕೂತದ್ದಲ್ಲ, ಓರೆಯಾಗಿ ಒತ್ತಿದರೆ ಮಾತ್ರ ಗುಂಡಿ ಇಳಿಯುವಂತೆ ಅಳತೆ ನೋಡಿ ಕೆತ್ತಿದ್ದು. ನನಗೆ ಸಿಟ್ಟು ನೆತ್ತಿಗೇರಿತು. ಒದ್ದೆ ನೆಲ, ಒದ್ದೆ ಕೈ, ಬಿರುಕುಬಿಟ್ಟ ಸ್ವಿಚ್ಚು. "ಏನಮ್ಮ, ಶಾಕ್ ಹೊಡೆಸ್ಕೊಂಡು ಸಾಯ್ಬೇಕು ಅಂತ ಮಾಡಿದೀಯಾ?" ಎಂದೆ.

"ಕೆಲ್ಸ ಹೋದ್ರೂ ಅಷ್ಟೇ ಅಲ್ವೇನಪ್ಪ" ಎಂದರು. ಅಳಲಿಲ್ಲ, ಅಕ್ಕಿ ತೊಳೆಯುತ್ತಲೇ ಇದ್ದರು.

ಹೊಸ ಸ್ವಿಚ್ಚು ಹಾಕಿ, ಚೂರನ್ನು ಜೇಬಿಗಿಳಿಸಿದೆ. ಯಜಮಾನರನ್ನು ಕರೆದು ಗತ್ತಿನಿಂದ ಹೇಳಿದೆ: "ಇದಕ್ಕೆ ಒಂದೇ ಕೈ ಅಭ್ಯಾಸ ಆಗ್ಬೇಕು. ಈಯಮ್ಮನೇ ಒತ್ಲಿ. ಸಿಕ್ಕಿದೋರೆಲ್ಲ ಒತ್ತಿದ್ರೆ ಮೋಟಾರ್ ಸುಟ್ಟೋಗತ್ತೆ, ಆಮೇಲೆ ನನ್ನ ಕೇಳ್ಬೇಡಿ." ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಾನು ಹೇಳಿದ್ದು ಒಂದೇ. ಆದರೂ ಕಸುಬಿನ ವಿಷಯದಲ್ಲಿ ಸುಳ್ಳಾಡಿದೆನಲ್ಲ ಎಂದು ಬಸ್ಸಿನಲ್ಲಿ ನಾಚಿಕೆಯಾಯಿತು. ಯಜಮಾನರು ಮಾತ್ರ ಪೂರ್ತಿ ನಂಬಿದ್ದರು.

ನಾಲ್ಕೈದು ವರ್ಷ ಕಳೆದ ಮೇಲೆ ಅಲ್ಲಿಂದಲೇ ಮತ್ತೆ ಕರೆ ಬಂತು. ಹೋದೆ. "ಆಯಮ್ಮ ಕುಣಿಗಲ್ಲಿಗೆ, ಮಗಳ ಮನೆಗೆ ಹೊರಟೋದ್ರು" ಎಂದರು ಯಜಮಾನರು. "ಹೊಸಬ್ಳು ಬಂದವ್ಳೆ. ಮೂರು ದಿನದಿಂದ ಮೆಷಿನ್ ಮುಟ್ಟಿಲ್ಲ, ಒರಳಲ್ಲೇ ರುಬ್ಬಿಸ್ತಿದೀನಿ. ಸ್ವಿಚ್ಚಿಗೆ ಇವ್ಳ ಕೈ ಅಭ್ಯಾಸ ಮಾಡ್ಸಿಕೊಡಿ."

ನಗು ತಡೆದುಕೊಂಡು ಮುಚ್ಚಳ ಬಿಚ್ಚಿದೆ, ಒಳಗೆ ಒಂದು ಸಲ ಊದಿದೆ, ಮತ್ತೆ ತಿರುಪು ಬಿಗಿದೆ. ಹೊಸಬಳು ಬಂದು ಹೆಬ್ಬೆರಳಿಟ್ಟಳು, ಗ್ರೈಂಡರ್ ತಿರುಗಿತು. ಯಜಮಾನರು ಸಮಾಧಾನದಿಂದ ಗಲ್ಲಾಕ್ಕೆ ಹೋದರು. ಒರಳಲ್ಲಿ ರುಬ್ಬಿ ರುಬ್ಬಿ ಅವಳ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಸ್ವಿಚ್ಚು ಒಂದು ಸಲ ಮುಟ್ಟಿ ನೋಡಬಾರದಿತ್ತೇನಮ್ಮ ಎಂದು ಕೇಳಿದೆ.

"ಹೋಗೋ ಮುಂಚೆ ಆಯಮ್ಮ ಹೇಳಿ ಹೋದ್ರು" ಎಂದಳು ಮೆಲ್ಲಗೆ. "ಕೈ ಸತ್ರೂ ಸರಿ, ಕೆಲ್ಸ ಉಳೀಬೇಕು, ಗುಬ್ಬಿಯೋರು ಬರೋಗಂಟ ಮುಟ್ಬೇಡ ಕಣೇ ಅಂತ."