ಗಾಡಿ ಚಾರ್ಜ್ ಆಗದ ಪ್ರಸಂಗ

ಇಪ್ಪತ್ತು ವರ್ಷಗಳಿಂದ ನಾನು ಮೇಲವಂಕಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪರೀಕ್ಷೆಯಲ್ಲಿ ಆ ಬಾಣ ಮರೆತವರ ಅಂಕ ಕತ್ತರಿಸಿದ್ದೇನೆ. ಅದೇ ವಿದ್ಯುತ್ತು ನನ್ನ ಸ್ವಂತ ಮೋಟಾರ್ ಸೈಕಲ್ಲಿನಲ್ಲಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಬಗ್ಗಿ ನೋಡಿದವನಲ್ಲ.

ಹೋದ ದಸರೆ ಮುಗಿದು ಕೆಲವು ದಿನಕ್ಕೆ ಗಾಡಿ ಮುನಿಸಿಕೊಂಡಿತು. ಹಾರ್ನ್ ಒತ್ತಿದರೆ ನೆಗಡಿಯಾದವರ ಹಾಗೆ ಗೊರಗೊರ. ಸೆಲ್ಫ್ ಒತ್ತಿದರೆ ಅದೂ ಇಲ್ಲ. ಬ್ಯಾಟರಿಯನ್ನು ಗೋಕಾಕದ ಮಲ್ಲಪ್ಪನ ಅಂಗಡಿಯಲ್ಲಿ ಕೊಂಡು ಆರು ತಿಂಗಳೂ ಆಗಿರಲಿಲ್ಲ. ನಾನು ಹಿಂದುಮುಂದು ನೋಡದೆ ತೀರ್ಪು ಕೊಟ್ಟೆ: ಮಲ್ಲಪ್ಪ ಹಳೆಯ ಬ್ಯಾಟರಿಗೆ ಹೊಸ ಕಾಗದ ಅಂಟಿಸಿ ನನ್ನ ಕೊರಳಿಗೆ ಕಟ್ಟಿದ್ದಾನೆ. ಮೂಡಲಗಿಯ ನಮ್ಮ ಓಣಿಯಲ್ಲಿ ಮನೆ ಮನೆಗೂ ಇದನ್ನು ಮುಟ್ಟಿಸಿದೆ. ಜನ ಕಿವಿಯಾಗಿ ಕೇಳಿದರು. ಬಾಜೂ ಮನೆಯ ಸಿದ್ದಪ್ಪ ಕಾಕಾ ಜನ್ಮದಲ್ಲಿ ಗಾಡಿ ಇಟ್ಟವರಲ್ಲ, ಅವರೂ ಬ್ಯಾಟರಿ ಅಂಗಡಿಯವರ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿದರು. ವಿಜ್ಞಾನದ ಮಾಸ್ತರನೇ ಅಂದ ಮೇಲೆ ಖರೆ ಇರಲೇಬೇಕಲ್ಲ. ಓಣಿಯ ಇಬ್ಬರು ಮಲ್ಲಪ್ಪನ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ನಾನು ಫೋನ್ ಮಾಡಿ ಬೈದರೆ ಮಲ್ಲಪ್ಪ ಮಾತ್ರ ತಣ್ಣಗೆ, “ಸರ, ಗಾಡಿ ಚಾಲೂ ಮಾಡಿ ಬ್ಯಾಟರಿಗೆ ಮೀಟರ್ ಹಚ್ಚಿ ನೋಡ್ರಿ. ಹದಿನಾಲ್ಕು ವೋಲ್ಟ್ ಮಟಾ ಏರಲಿಲ್ಲಂದ್ರ ತಪ್ಪು ಗಾಡ್ಯಾಗ ಐತಿ” ಎಂದ. ನನಗೇ ಪಾಠ ಹೇಳುತ್ತಾನಲ್ಲ ಎಂದು ಮೈ ಉರಿಯಿತು. ಅವನನ್ನು ಸುಳ್ಳುಗಾರನೆಂದು ಸಾಬೀತು ಮಾಡಲೆಂದೇ ಭಾನುವಾರ ಬೆಳಿಗ್ಗೆ ಶಾಲೆಯ ಮೀಟರು, ಪಾನಾ ಹಿಡಿದು ಅಂಗಳದಲ್ಲಿ ಕೂತೆ. ಒದ್ದು ಒದ್ದು ಗಾಡಿ ಚಾಲೂ ಮಾಡಿದೆ. ಎಷ್ಟು ಗುರ್ ಎನ್ನಿಸಿದರೂ ಮುಳ್ಳು ಹನ್ನೆರಡು ದಾಟಲೊಲ್ಲದು. ಮೀಟರೇ ಕೆಟ್ಟಿದೆ ಎಂದುಕೊಂಡೆ. ತಪ್ಪು ನನ್ನದಿರಬಹುದೆಂಬ ವಿಚಾರ ನನ್ನ ತಲೆಯಲ್ಲಿ ಯಾವಾಗಲೂ ಪಾಳಿಯ ಕಟ್ಟಕಡೆಗೆ ನಿಂತಿರುತ್ತದೆ, ಅದರ ಸರದಿ ಬರುವಷ್ಟರಲ್ಲಿ ನಾನು ಊಟಕ್ಕೆ ಎದ್ದಿರುತ್ತೇನೆ.

ಚಹಾ ತಂದ ಹೆಂಡತಿ ಶಾಂತಾ ಬಗ್ಗಿ ನೋಡಿ, “ಏನ್ರಿ, ಗಾಡ್ಯಾಗ ಇರವಿ ಯಾಕ ಸಾಲ ಹಚ್ಚ್ಯಾವು?” ಎಂದಳು.

ಇರುವೆಗಳ ಸಾಲು ಸೀಟಿನ ಕೆಳಗೆ ರೆಗ್ಯುಲೇಟರಿನ ಪ್ಲಗ್ಗಿಗೆ ಹೋಗಿ ಮುಟ್ಟಿತ್ತು. ಎಂಜಿನ್ನಿನಲ್ಲಿ ಹುಟ್ಟಿದ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಉಣಿಸುವ ಡಬ್ಬಿ ಅದು. ಪ್ಲಗ್ಗು ಬಿಚ್ಚಿದರೆ ಒಳಗೆಲ್ಲ ಅಂಟು, ಹಸಿರು ಕಿಲುಬು.

“ಖಂಡೆ ಪೂಜಿ ದಿನ ಮುಚ್ಚಳಾ ತಗದು ಒಳಗ ಕಾಯಿ ನೀರ ಸುರದವರು ಯಾರ್ರಿ?”

ನಾನೇ. ಆಯುಧಪೂಜೆಯ ಆ ದಿನ ಉಳಿದವರು ಚಕ್ರಕ್ಕೂ ಟ್ಯಾಂಕಿಗೂ ನಾಲ್ಕು ಹನಿ ಚಿಮುಕಿಸಿ ಕೈಮುಗಿದರೆ, ವಿದ್ಯುತ್ತಿನ ಮರ್ಮ ಬಲ್ಲ ನಾನು ಮುಚ್ಚಳ ತೆಗೆದು ಶಕ್ತಿಯ ಮೂಲಕ್ಕೇ ಅಭಿಷೇಕ ಮಾಡಿದ್ದೆ. ಲವಣವಿರುವ ನೀರು ಲೋಹವನ್ನು ತಿನ್ನುತ್ತದೆ ಎಂಬುದೂ ನಾನು ಕಲಿಸುವ ಪಾಠವೇ. ಆದರೆ ಅಂದು ಶಾಲೆಗೆ ರಜೆ ಇತ್ತು.

ಗಾಡಿ ಆರಿಸಿ, ಪೆಟ್ರೋಲಿನಲ್ಲಿ ಅದ್ದಿದ ಹಳೆಯ ಬ್ರಷ್ಷಿನಿಂದ ಪ್ಲಗ್ಗು ತಿಕ್ಕಿದೆ. ಚೆನ್ನಾಗಿ ಒಣಗಿಸಿ ಜೋಡಿಸಿ ಮತ್ತೆ ಚಾಲೂ ಮಾಡಿದೆ. ಮುಳ್ಳು ಸರಸರ ಹದಿನಾಲ್ಕು ಮುಟ್ಟಿತು. ಖುಷಿಯಾಗಬೇಕಿತ್ತು, ನಾಚಿಕೆಯಾಯಿತು. ಒಬ್ಬ ಪ್ರಾಮಾಣಿಕ ಮನುಷ್ಯನ ಹೆಸರಿಗೆ ನಾನು ಮಸಿ ಬಳಿದಿದ್ದೆ.

ಅದೇ ಗಾಡಿ ಹತ್ತಿ ಗೋಕಾಕಕ್ಕೆ ಹೋಗಿ ಮಲ್ಲಪ್ಪನೆದುರು ತಪ್ಪೊಪ್ಪಿಕೊಂಡೆ. ಅವನು ಸಿಟ್ಟಾಗಲಿಲ್ಲ. “ನನಗ ಹೇಳಿದ್ರ ಏನ್ ಬಂತ್ರಿ ಸರ? ನಿಮ್ಮ ಓಣ್ಯಾಗ ಹೇಳ್ರಿ” ಎಂದ.

ಮತ್ತೆ ಮನೆ ಮನೆಗೂ ಹೋದೆ. ಈ ಸಲ ಎಲ್ಲರಿಗೂ ಗಡಿಬಿಡಿಯ ಕೆಲಸ ಇತ್ತು. ಸಿದ್ದಪ್ಪ ಕಾಕಾ ಒಬ್ಬರೇ ಪೂರ್ತಿ ಕೇಳಿದರು. ಕಾಯಿ ನೀರು, ಕಿಲುಬು, ಏನೂ ಮುಚ್ಚಿಡದೆ ಹೇಳಿ, ಮಲ್ಲಪ್ಪನದು ಎಳ್ಳಷ್ಟೂ ತಪ್ಪಿಲ್ಲ ಎಂದೆ. ಅವರು ಮರುಕದಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು.

“ಭಾರಿ ಶಾಣ್ಯಾ ಇದ್ದಾನ ಬಿಡ್ರಿ ಮಾಸ್ತರ, ಆ ಮಲ್ಲಪ್ಪ. ನಿಮ್ಮಂಥವ್ರ ಬಾಯಿಂದನ ‘ತಪ್ಪು ನಂದ’ ಅಂತ ಹೇಳಿಸ್ಯಾನ.”